ಅಪ್ಪಯ್ಯನ ಐಕ್ಯೂ ಅಳೆದವರು ಯಾರು?

ಪ್ರಶ್ನೆ: ನಾನು ಅಹಮದಾಬಾದಿನಲ್ಲಿ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಅಪ್ಪಯ್ಯ ಸೂರತ್ತಿನಲ್ಲಿ ಸಣ್ಣದೊಂದು ಉಡುಪಿ ಹೋಟೆಲ್ ನಡೆಸುತ್ತಾರೆ. ಕುಂದಾಪುರ ಕಡೆಯ ಹಳ್ಳಿಯಿಂದ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಬಂದವರು. ಅಕ್ಕ ಮದುವೆಯಾಗಿ ವಡೋದರಾದಲ್ಲಿದ್ದಾಳೆ, ಬಾಲವಾಡಿಯಲ್ಲಿ ಪಾಠ ಹೇಳುತ್ತಾಳೆ. ಅವಳ ಹತ್ತಿರ ಅಪ್ಪಯ್ಯ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಫೋನು ಬಂದರೆ ‘ಉಂಡ್ಯಾ ಮಾಣಿ?’ ಅಂತ ಕೇಳಿ ಸುಮ್ಮನಾಗುತ್ತಾರೆ. ಅವರು ದಡ್ಡರೇನಲ್ಲ, ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆಯದೆಯೇ ಹುಳಿ ಬಂದಿದೆಯೋ ಇಲ್ಲವೋ ಹೇಳುತ್ತಾರೆ. ಆದರೆ ನನ್ನ ಕೆಲಸ ಅವರಿಗೆ ಅರ್ಥವಾಗುವುದಿಲ್ಲ. ಇಬ್ಬರ ಐಕ್ಯೂ ನಡುವೆ 30 ಅಂಕಕ್ಕಿಂತ ಹೆಚ್ಚು ಅಂತರವಿದ್ದರೆ ಅರ್ಥಪೂರ್ಣ ಮಾತುಕತೆ ಸಾಧ್ಯವಿಲ್ಲ ಎಂದು ಈಚೆಗೆ ಓದಿದೆ. ನನ್ನದು 138 ಬಂದಿತ್ತು. ಅಪ್ಪಯ್ಯನದು 95 ಇದ್ದೀತು. ಇದು ನಿಜವೇ?
(ಹೆಸರು ಬೇಡ ಎಂದಿರುವ ಓದುಗರು, ಅಹಮದಾಬಾದ್)

ಉತ್ತರ: ಮೊದಲು ಲೆಕ್ಕ ಮಾಡೋಣ, ನಿಮಗೆ ಬೇಸರವಾಗಲಿಕ್ಕಿಲ್ಲ. ಸರಾಸರಿ 100 ಬರುವಂತೆ, ಮೂರರಲ್ಲಿ ಎರಡು ಪಾಲು ಜನ 85ರಿಂದ 115ರೊಳಗೆ ಬೀಳುವಂತೆ ಐಕ್ಯೂ ಅಂಕಗಳನ್ನು ಹೊಂದಿಸಿರುತ್ತಾರೆ. ನಿಮ್ಮ 138ರಲ್ಲಿ 30 ಕಳೆದರೆ 108. ಈ ಹಂಚಿಕೆಯಲ್ಲಿ 108ಕ್ಕಿಂತ ಕೆಳಗೆ ನೂರಕ್ಕೆ ಸುಮಾರು 70 ಮಂದಿ ಬರುತ್ತಾರೆ. ನೀವು ಓದಿದ ನಿಯಮ ನಿಜವಾದರೆ ನಿಮ್ಮೂರಿನ ಕಾಲೂಪುರ ಸ್ಟೇಷನ್ನಿನಲ್ಲಿ ರೈಲಿಳಿಯುವ ಹತ್ತು ಜನರಲ್ಲಿ ಏಳು ಜನರ ಜೊತೆ ನಿಮಗೆ ಮಾತು ಸಾಧ್ಯವಿಲ್ಲ. ಆದರೂ ನೀವು ರಿಕ್ಷಾದವರ ಹತ್ತಿರ ಚೌಕಾಸಿ ಮಾಡಿದ್ದೀರಿ, ಅಹಮದಾಬಾದಿನಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದೀರಿ. ಮೀನು ತಿನ್ನುವ ಊರಿನ ಮೂಲದವರು ಸಸ್ಯಾಹಾರಿ ಮಾಲೀಕರಿರುವ ಆ ಊರಲ್ಲಿ ಮನೆ ಹಿಡಿಯಲು ಎಷ್ಟು ಸೂಕ್ಷ್ಮವಾದ ಮಾತುಕತೆ ಬೇಕೆಂದು ನನಗೆ ಗೊತ್ತು.

ಇನ್ನು ಆ 30 ಎಲ್ಲಿಂದ ಬಂತು? ಲೀಟಾ ಹಾಲಿಂಗ್‌ವರ್ತ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ನ್ಯೂಯಾರ್ಕಿನಲ್ಲಿ ಅಸಾಧಾರಣ ಬುದ್ಧಿಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. 1939ರಲ್ಲಿ ತೀರಿಕೊಂಡರು. 180ಕ್ಕಿಂತ ಹೆಚ್ಚು ಐಕ್ಯೂ ಇದ್ದ 12 ಮಕ್ಕಳ ಕುರಿತ ಅವರ ಪುಸ್ತಕವನ್ನು ಗಂಡ ಪೂರ್ತಿ ಮಾಡಿ 1942ರಲ್ಲಿ ಹೊರತಂದರು. ಹಾಲಿಂಗ್‌ವರ್ತ್ ಕಂಡದ್ದಿಷ್ಟು: ಮಕ್ಕಳ ಗುಂಪಿನ ನಾಯಕರಾಗುವವರು ಗುಂಪಿಗಿಂತ ಜಾಣರಾಗಿರುತ್ತಾರೆ, ಆದರೆ ತೀರಾ ಜಾಣರಾಗಿರುವುದಿಲ್ಲ. ತೀರಾ ಮುಂದಿರುವ ಮಗು ಕಟ್ಟುವ ಆಟದ ನಿಯಮ ಉಳಿದ ಮಕ್ಕಳಿಗೆ ತಲೆಗೆ ಹೋಗದೆ ಅದು ಒಂಟಿಯಾಗುತ್ತದೆ. ಶಾಲೆಯ ಅಂಗಳದಲ್ಲಿ ಒಂಟಿಯಾದ ಮಗುವಿನ ಸಂಕಟದ ಕುರಿತ ಮಾತು ಅದು. ಅದನ್ನೇ ಎಳೆದು ಹಿಗ್ಗಿಸಿ, ದೊಡ್ಡವರ ನಡುವೆ 30 ಅಂಕದ ಗೋಡೆ ಕಟ್ಟಿದವರು ಆಮೇಲಿನವರು. ಎಂಟು ವರ್ಷದ ಮಗುವಿಗೆ ಜೊತೆಗಾರರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ, ಮಾತು ತಿರುಗಿಸಿ ಹೇಳುವ ಅಭ್ಯಾಸವೂ ಇಲ್ಲ. ನಿಮಗೆ ಎರಡೂ ಇವೆ. ಅಂದ ಹಾಗೆ, ಒಂದೇ ತಾಯಿಯ ಮಕ್ಕಳ ನಡುವೆಯೂ ಸರಾಸರಿ 12 ಅಂಕದಷ್ಟು ಅಂತರ ಇರುತ್ತದೆ. ಸರಾಸರಿಯೇ ಅಷ್ಟಿದ್ದರೆ ಎಷ್ಟೋ ಮನೆಗಳಲ್ಲಿ ಅದು 25, 30 ಕೂಡ ಇದ್ದೀತು. ಅಂಥ ಅಣ್ಣತಮ್ಮಂದಿರು ಆಸ್ತಿ ಪಾಲಿನ ವಿಷಯ ಬಂದಾಗ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗಲಿಲ್ಲ ಎಂದದ್ದನ್ನು ನಾನಂತೂ ಕೇಳಿಲ್ಲ.

ಅಪ್ಪಯ್ಯನ 95ರ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಅಳೆದವರು ಯಾರು? ನೀವೇ. ಯಾವ ಅಳತೆಗೋಲಿನಿಂದ? ಪ್ಯಾರಿಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಸಹೋದ್ಯೋಗಿ ಸಿಮೋನ್ ಜೊತೆ ಮೊದಲ ಪರೀಕ್ಷೆ ಮಾಡಿದ್ದು ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಯಾವ ನೆರವು ಬೇಕೆಂದು ತಿಳಿಯಲಿಕ್ಕೆ. ಅದನ್ನು ಕನ್ನಡಕ್ಕೆ ಒಗ್ಗಿಸಿದವರು ವಿ.ವಿ. ಕಾಮತ್. 1930ರ ದಶಕದಲ್ಲಿ ಆಗಿನ ಮುಂಬಯಿ ಕರ್ನಾಟಕದ ಕನ್ನಡ ಮತ್ತು ಮರಾಠಿ ಮಕ್ಕಳನ್ನು ಕೂರಿಸಿಕೊಂಡು, ಪ್ರಶ್ನೆಗಳನ್ನು ತಿದ್ದಿ ತೀಡಿ, 1940ರಲ್ಲಿ ಪುಸ್ತಕವಾಗಿ ತಂದರು. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ನಿಮ್ಮ ಅಕ್ಕನ ಊರಾದ ವಡೋದರಾದಲ್ಲಿ, ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿದ್ದ ಪ್ರಮೀಳಾ ಫಾಟಕ್ ಇನ್ನೊಂದು ದಾರಿ ಹಿಡಿದರು. ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಒಬ್ಬ ಮನುಷ್ಯನನ್ನು ಬರೆ ಅನ್ನುವುದು. ಚಿತ್ರ ಚೆಂದವಾಗಿದೆಯೇ ಎಂದು ನೋಡುವುದಿಲ್ಲ. ಕತ್ತು ಇದೆಯೇ, ಬೆರಳು ಎಷ್ಟು, ಕೈ ಭುಜಕ್ಕೆ ಸೇರಿದೆಯೇ ಹೊಟ್ಟೆಗೆ ಅಂಟಿದೆಯೇ ಎಂದು ಎಣಿಸುತ್ತಾರೆ. ಅಮೆರಿಕದಲ್ಲಿ 1926ರಲ್ಲಿ ಶುರುವಾದ ಈ ವಿಧಾನಕ್ಕೆ ಗುಜರಾತಿನ ಮಕ್ಕಳ ಮಾನದಂಡ ಕಟ್ಟಿದವರು ಫಾಟಕ್. ಅಲ್ಲಿನ ಹಸುಗೂಸುಗಳು ಯಾವ ತಿಂಗಳಲ್ಲಿ ಏನು ಮಾಡುತ್ತವೆ ಎಂದು ಅವರು ದಾಖಲಿಸಿದ ಲೆಕ್ಕವನ್ನು ದೇಶದ ಮಕ್ಕಳ ವೈದ್ಯರು ಬರೋಡಾ ಮಾನದಂಡವೆಂದೇ ಕರೆಯುತ್ತಾರೆ. ಅಕ್ಕನಿಗೆ ಫಾಟಕ್ ಹೆಸರು ಗೊತ್ತಿರಬಹುದು, ಕೇಳಿ ನೋಡಿ.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಬುದ್ಧಿಯ ಪರೀಕ್ಷೆಯೂ ಒಂದು ಮಾತುಕತೆಯೇ. ಎದುರಿಗೆ ಕೂತವರು ಅಪರಿಚಿತರು, ಅವರ ಪ್ರಶ್ನೆ ವಿಚಿತ್ರ. ಮಗು ನಾಚಿ ಬಾಯಿ ಬಿಡದಿದ್ದರೆ ಅಂಕ ಇಳಿಯುತ್ತದೆ. ಕಾಮತರು ಕನ್ನಡಕ್ಕೆ ಇಳಿಯಬೇಕಾಯಿತು, ಫಾಟಕರು ಪೆನ್ಸಿಲ್ ಕೊಡಬೇಕಾಯಿತು. ಅಳೆಯುವವರು ಅಳೆಸಿಕೊಳ್ಳುವವರ ಕಡೆಗೆ ನಡೆದು ಹೋಗದಿದ್ದರೆ ಅಂಕವೇ ಹುಟ್ಟುವುದಿಲ್ಲ. ಅಂತರವನ್ನು ತೋರಿಸುವ ಸಂಖ್ಯೆ ಸಿಗಬೇಕಾದರೂ ಮೊದಲು ಅಂತರ ದಾಟಬೇಕು.

ಈಗ ನೀವಿರುವ ಊರಿನ ಕಥೆಗೆ ಬರುತ್ತೇನೆ, ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಅಲ್ಲಿದೆ. ವಿಕ್ರಮ್ ಸಾರಾಭಾಯ್ 1947ರಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಕಟ್ಟಿದ್ದು ಅಲ್ಲೇ. ನಿಮ್ಮ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಅವರು ಸಾರಾಭಾಯ್ ಕೈಕೆಳಗೆ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿದ್ದೂ ಅಲ್ಲೇ. ವಿಶ್ವಕಿರಣ ಓದುತ್ತಿದ್ದ ಆ ಬಳಗಕ್ಕೆ ಒಂದು ಹುಚ್ಚು ಹಿಡಿಯಿತು: ಉಪಗ್ರಹದ ಮೂಲಕ ಹಳ್ಳಿಯವರ ಜೊತೆ ಮಾತಾಡಬೇಕು. 1971ರಲ್ಲಿ ಸಾರಾಭಾಯ್ ತೀರಿಕೊಂಡರೂ ಹುಚ್ಚು ಬಿಡಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ತಂದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತು. ಅವುಗಳಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳೂ ಇದ್ದವು. ಹೈದರಾಬಾದಿನಲ್ಲಿ ತಯಾರಾದ ಕನ್ನಡ ಕಾರ್ಯಕ್ರಮವನ್ನು ಕೋಳಿಗೂಡಿಗೆ ಹಾಕುವ ತಂತಿ ಬಲೆಯಿಂದ ಮಾಡಿದ ಹತ್ತಡಿಯ ಛತ್ರಿಯಂಥ ಆಂಟೆನಾ ಹಿಡಿದು ತರುತ್ತಿತ್ತು. ಬೆಂಗಳೂರಿಗೇ ಆಗ ಟೀವಿ ಇರಲಿಲ್ಲ.

ತಂತ್ರಜ್ಞಾನದ ಈ ಕಥೆ ನಿಮಗೆ ಗೊತ್ತಿರಬಹುದು. ಮುಖ್ಯವಾದದ್ದು ಅದರ ಪಕ್ಕದಲ್ಲಿ ನಡೆಯಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದವರು ಎಂಜಿನಿಯರುಗಳ ಜೊತೆ ಮಾನವಶಾಸ್ತ್ರಜ್ಞರನ್ನೂ ನೇಮಿಸಿಕೊಂಡು, ಕೆಲವರನ್ನು ಹಳ್ಳಿಗಳಲ್ಲೇ ಇರಲು ಕಳಿಸಿದರು. ಜೊತೆಗೆ ಪೀಜ್ ಎಂಬ ಊರಿನಲ್ಲಿ ಸಣ್ಣದೊಂದು ಪ್ರಸಾರ ಕೇಂದ್ರ ಇಟ್ಟು ಖೇಡಾ ಜಿಲ್ಲೆಯ ಹಳ್ಳಿಗಳಿಗೆ ಬೇರೆಯೇ ಕಾರ್ಯಕ್ರಮ ಶುರುಮಾಡಿದರು. ಪುಸ್ತಕದ ಗುಜರಾತಿ ಬಿಟ್ಟು ಆ ಸೀಮೆಯ ಚರೋತರಿ ಮಾತನ್ನು ಹಿಡಿದರು. ನಟಿಸಿದವರಲ್ಲಿ ಹಳ್ಳಿಯವರೂ ಇದ್ದರು. ಮೊದಲು ಹಳ್ಳಿಗೆ ಹೋಗಿ ಕೇಳುವುದು, ಆಮೇಲೆ ಬರೆಯುವುದು, ಬರೆದದ್ದನ್ನು ಮತ್ತೆ ಅಲ್ಲೇ ತೋರಿಸಿ ತಿದ್ದುವುದು ಅವರ ಕ್ರಮ. ಕೂಲಿ ಎಷ್ಟು ಸಿಗಬೇಕು, ಎಷ್ಟು ಸಿಗುತ್ತಿದೆ ಎಂಬಂಥ ಮಾತು ಟೀವಿಯಲ್ಲಿ ಬಂದಾಗ ಊರಿನ ದೊಡ್ಡವರಿಗೆ ಇರುಸುಮುರುಸಾಯಿತು. 1984ರಲ್ಲಿ ಈ ಯೋಜನೆಗೆ ಯುನೆಸ್ಕೊದ ಗ್ರಾಮೀಣ ಸಂವಹನ ಪ್ರಶಸ್ತಿ ಬಂತು. ‘ಕೋಣನ ಮುಂದೆ ಕಿನ್ನರಿ’ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅದನ್ನು ಮಾಡಿದವನು ಕಿನ್ನರಿ ಬಾರಿಸುವವನೇ ಇರಬೇಕು, ಕೋಣನನ್ನು ಯಾರೂ ಕೇಳಲಿಲ್ಲ. ಎಮ್ಮೆಗಳ ಜಿಲ್ಲೆಯಾದ ಖೇಡಾದಲ್ಲಿ ಕೇಳಿದರು.

ಅದೇ ಹೊತ್ತಿಗೆ ಒಂದು ಸಂಶೋಧನೆ ನಡೆಯಿತು. 1970ರಲ್ಲಿ ಅಮೆರಿಕದ ಮಿನೆಸೋಟಾದ ಮೂವರು ಸಂಶೋಧಕರು ಒಂದು ಮಾತು ಹೇಳಿದ್ದರು: ಮಾಧ್ಯಮದಲ್ಲಿ ಮಾಹಿತಿ ಹೆಚ್ಚಿದಷ್ಟೂ ಓದಿದವರು ಅದನ್ನು ಬೇಗ ಹೀರಿಕೊಳ್ಳುತ್ತಾರೆ, ಓದದವರು ಹಿಂದೆ ಉಳಿಯುತ್ತಾರೆ, ಹಾಗಾಗಿ ಜ್ಞಾನದ ಅಂತರ ಬೆಳೆಯುತ್ತಲೇ ಹೋಗುತ್ತದೆ. ಅಹಮದಾಬಾದ್ ಐಐಎಂನ ಪ್ರಕಾಶ್ ಶಿಂಗಿ ಮತ್ತು ಬಾಹ್ಯಾಕಾಶ ಕೇಂದ್ರದ ಬೆಲ್ಲಾ ಮೋದಿ ಇದನ್ನು ರೈತರ ನಡುವೆ ಪರೀಕ್ಷೆ ಮಾಡಿ 1976ರಲ್ಲಿ ಪ್ರಕಟಿಸಿದರು. ಕೃಷಿಯ ಟೀವಿ ಕಾರ್ಯಕ್ರಮ ನೋಡುವ ಮೊದಲು ಯಾರಿಗೆ ಎಷ್ಟು ಗೊತ್ತಿತ್ತು, ನೋಡಿದ ಮೇಲೆ ಎಷ್ಟು ಎಂದು ಅಳೆದರು. ಫಲಿತಾಂಶ ಉಲ್ಟಾ ಬಂತು. ಕಡಿಮೆ ಗೊತ್ತಿದ್ದವರು ಹೆಚ್ಚು ಕಲಿತಿದ್ದರು, ಅಂತರ ಕಿರಿದಾಗಿತ್ತು. ಹೆಚ್ಚು ಗೊತ್ತಿದ್ದವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಯಾವ ವಿಷಯ, ಯಾರ ಮಟ್ಟಕ್ಕೆ ಎಂದು ಮೊದಲೇ ಯೋಚಿಸಿದರೆ ಅಂತರ ಬೆಳೆಯಲೇಬೇಕೆಂದಿಲ್ಲ ಎಂಬುದು ಅವರ ನಿಲುವು. ನೀವು ಓದಿದ 30 ಅಂಕದ ಗೋಡೆಗೆ ನಿಮ್ಮ ಊರಿನ ಸಂಶೋಧಕರೇ ಅರ್ಧ ಶತಮಾನದ ಹಿಂದೆ ಬೀಳಿಸಿದ ಬಿರುಕು ಇದು. ಐಐಎಂ ನೀವಿರುವಲ್ಲಿಂದ ಬಹಳ ದೂರವೇನೂ ಇರಲಾರದು.

ಆದರೆ ಇದರಲ್ಲೂ ಹೇಳುವವರು ಮೇಲೆ, ಕೇಳುವವರು ಕೆಳಗೆ. ನನಗೆ ಇನ್ನೂ ಹೆಚ್ಚು ಇಷ್ಟವಾದದ್ದು ಅದಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಿನದು. ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ ಆಗ ಸ್ವಯಂಚಾಲಿತ ಮಗ್ಗ ಬಂದಿದ್ದವು. ಮಗ್ಗ ಹೊಸದು, ಎಂಜಿನಿಯರುಗಳ ಲೆಕ್ಕ ಪಕ್ಕಾ, ಬಟ್ಟೆ ಮಾತ್ರ ಹೇಳಿದಷ್ಟು ಬರುತ್ತಿಲ್ಲ, ಬಂದದ್ದರಲ್ಲೂ ಹಾಳಾದದ್ದು ಬಹಳ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯಿಂದ ಎ.ಕೆ. ರೈಸ್ ಬಂದರು. ಅವರಿಗೆ ಕಂಡದ್ದು: ಒಂದೇ ಶೆಡ್ಡಿನಲ್ಲಿ ಹನ್ನೆರಡು ಬಗೆಯ ಕೆಲಸ, ಒಬ್ಬ ನೇಯುತ್ತಾನೆ, ಒಬ್ಬ ಕಂಡಿಕೆ ತುಂಬುತ್ತಾನೆ, ಒಬ್ಬ ಎಣ್ಣೆ ಹಾಕುತ್ತಾನೆ, ಒಬ್ಬ ಗುಡಿಸುತ್ತಾನೆ. ಯಾರು ಯಾರ ಜೊತೆ, ಯಾವ ಮಗ್ಗಕ್ಕೆ ಯಾರು ಹೊಣೆ ಎಂಬುದೇ ಕಲಸುಮೇಲೋಗರ. ಒಂದಷ್ಟು ಮಗ್ಗಕ್ಕೆ ಒಂದು ಸಣ್ಣ ಗುಂಪು, ಅವರೊಳಗೆ ಕೆಲಸ ಅವರೇ ಹಂಚಿಕೊಳ್ಳಲಿ ಎಂಬ ಅರೆಬರೆ ಯೋಚನೆಯೊಂದನ್ನು ಅವರು ಮ್ಯಾನೇಜರುಗಳ ಮುಂದಿಟ್ಟರು. ಅವರ ಮೂಲಕ ಅದು ಕೆಳಗಿಳಿಯಿತು. ಮ್ಯಾನೇಜರುಗಳು ಇನ್ನೂ ಚರ್ಚೆಯಲ್ಲಿದ್ದಾಗಲೇ ನೇಕಾರರು ಅದನ್ನು ಕೈಗೆತ್ತಿಕೊಂಡು, ಯಾರ ಗುಂಪಿಗೆ ಯಾರು ಎಂದು ತಾವೇ ಪಟ್ಟಿ ಮಾಡಿ ಮುಗಿಸಿದ್ದರು. ಮೊದಲು ಸ್ವಲ್ಪ ಎಡವಿದರೂ ಆಮೇಲೆ ಬಟ್ಟೆ ಹೆಚ್ಚಿತು, ಹಾಳಾಗುವುದು ತಗ್ಗಿತು. ರೈಸ್ ಬರೆದ ಪುಸ್ತಕ 1958ರಲ್ಲಿ ಬಂತು, ಕಾರ್ಖಾನೆಯ ಕೆಲಸವನ್ನು ಅಧ್ಯಯನ ಮಾಡುವವರು ಇಂದಿಗೂ ‘ಅಹಮದಾಬಾದ್ ಪ್ರಯೋಗ’ ಎನ್ನುತ್ತಾರೆ. ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ ಹದಿನೇಳು ವರ್ಷದ ನಂತರದ ಸ್ಥಿತಿ ನೋಡಿದಾಗ ಒಂದು ಶೆಡ್ಡಿನಲ್ಲಿ ಅದೇ ಗುಂಪು ಪದ್ಧತಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತು.

ಗಮನಿಸಿ, ರೈಸ್ ಮತ್ತು ನೇಕಾರರ ನಡುವೆ ಭಾಷೆ ಬೇರೆ, ಓದು ಬೇರೆ, ಸಂಬಳವಂತೂ ಕೇಳುವುದೇ ಬೇಡ. ಐಕ್ಯೂ ಪರೀಕ್ಷೆ ಮಾಡಿದ್ದರೆ ಅಂತರ 30 ದಾಟುತ್ತಿತ್ತೋ ಏನೋ. ನಡುವೆ ಮಗ್ಗ ಇತ್ತು, ಅಷ್ಟೇ ಸಾಕಾಯಿತು. ರೈಸ್ ಅರೆಬರೆಯಾಗಿ ಹೇಳಿದ್ದೂ ಒಳ್ಳೆಯದೇ ಆಯಿತು ಅನ್ನಿಸುತ್ತದೆ, ಪೂರ್ತಿ ಮಾಡಿ ತಂದಿದ್ದರೆ ನೇಕಾರರಿಗೆ ಸೇರಿಸಲು ಜಾಗವೇ ಇರುತ್ತಿರಲಿಲ್ಲ. ಮಾತುಕತೆ ಎಂದು ನಾನು ಕರೆಯುವುದು ಇದನ್ನು. ಎದುರಿನವರು ನಿಮ್ಮ ಮಾತನ್ನು ತಿದ್ದಬಲ್ಲರೇ? ತಿದ್ದಿದರೆ ನಿಮಗೆ ಗೊತ್ತಾಗುತ್ತದೆಯೇ? ಅಷ್ಟಾದರೆ ಅಂಕ ಎಷ್ಟಾದರೂ ಇರಲಿ. ತಿದ್ದಲು ಬಿಡದಿದ್ದರೆ ಇಬ್ಬರು 138ರವರೂ ಗೋಡೆಗೆ ಮಾತಾಡಿದಂತೆಯೇ, ಯಾವುದಾದರೂ ವಿಭಾಗದ ಸಭೆಯಲ್ಲಿ ಕೂತು ನೋಡಿ.

ಇದನ್ನೇ ತೋರಿಸುವ ‘ಮಂಥನ್’ ಸಿನಿಮಾ ನೋಡಿದ್ದೀರಾ? ಶ್ಯಾಮ್ ಬೆನೆಗಲ್ ನಿರ್ದೇಶನ, 1976. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ ತೆಗೆಸಿದ ಸಿನಿಮಾ. ಹಾಲಿನ ಸಹಕಾರ ಸಂಘ ಕಟ್ಟಲು ಹಳ್ಳಿಗೆ ಬರುವ ಪಶುವೈದ್ಯ ಡಾ. ರಾವ್ ಆಗಿ ನಮ್ಮ ಗಿರೀಶ ಕಾರ್ನಾಡರು ನಟಿಸಿದ್ದಾರೆ. ಡಾಕ್ಟರು ಒಳ್ಳೆಯವರು, ಜಾಣರು, ನ್ಯಾಯವಂತರು, ಆದರೂ ಊರಿನ ಜಾತಿ, ಸಿಟ್ಟು, ಭಯ ಯಾವುದೂ ಅವರ ಕೈಗೆ ಸಿಗುವುದಿಲ್ಲ. ಕೊನೆಗೆ ಅವರು ಊರು ಬಿಡುತ್ತಾರೆ, ಮೊದಲು ಅವರ ಮೇಲೆ ಕಿಡಿಕಾರುತ್ತಿದ್ದ ಭೋಲಾ ಸಂಘವನ್ನು ಮತ್ತೆ ಎಬ್ಬಿಸುತ್ತಾನೆ. ಇಂಥ ಹಾಲಿನ ಸಂಘ ನಿಜವಾಗಿ ಬೆಳೆದ ಆಣಂದದಲ್ಲೂ ಹೆಚ್ಚುಕಡಿಮೆ ಹೀಗೆಯೇ. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ 1949ರಲ್ಲಿ ಬಂದ ಕುರಿಯನ್ನರಿಗೆ ಗುಜರಾತಿ ಅರ್ಥವಾಗುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ರೈತರ ಜೊತೆ ಮಾತು ಸಂಘ ಕಟ್ಟಿದ ಮುಖಂಡ ತ್ರಿಭುವನದಾಸ ಪಟೇಲರದು. ಹಾಲಿನ ಜಿಡ್ಡು ಅಳೆಯುವ ಗಾಜಿನ ಕೊಳವೆ ಕುರಿಯನ್ನರ ಮತ್ತು ರೈತರ ನಡುವೆ ಇತ್ತು. ಅಕ್ಷರ ಬಾರದ ಹೆಂಗಸೂ ಆ ಕೊಳವೆಯ ಗೀಟು ನೋಡಿ ತನ್ನ ಎಮ್ಮೆಯ ಹಾಲಿನ ಬೆಲೆ ಸರಿಯೋ ತಪ್ಪೋ ಹೇಳಬಲ್ಲವಳಾದಳು.

ಇಷ್ಟು ಹೇಳಿ, ಎಲ್ಲವೂ ಎಲ್ಲರಿಗೂ ದಾಟುತ್ತದೆ ಎಂದರೆ ಸುಳ್ಳಾದೀತು. ನಿಮ್ಮ ಸಮೀಕರಣಗಳು ಅಪ್ಪಯ್ಯನಿಗೆ ದಾಟುವುದಿಲ್ಲ. ಅವು ನನಗೂ ಕಬ್ಬಿಣದ ಕಡಲೆಯೇ. ಆದರೆ ನಿಮಗೆ ದಾಟದ್ದು ಅವರಲ್ಲೂ ಇದೆ. ಸೂರತ್ತಿನವರೇ ಆದ ನೀವು ವಜ್ರದ ಕಾರ್ಖಾನೆಯೊಳಗೆ ಒಮ್ಮೆಯಾದರೂ ಹೋಗಿರಬಹುದು. ಸೌರಾಷ್ಟ್ರದಿಂದ ಶಾಲೆ ಅರ್ಧಕ್ಕೆ ಬಿಟ್ಟು ಬಂದ ರತ್ನಕಲಾಕಾರ್, ಅಂದರೆ ವಜ್ರ ಉಜ್ಜುವವನು, ಘಂಟಿ ಎಂಬ ಸಾಣೆಯ ಮುಂದೆ ಕೂತು ಕಲ್ಲು ಹಿಡಿಯುತ್ತಾನೆ. ಕಲ್ಲಿನ ಒಳಗೆಲ್ಲ ಬಗೆದು ನೋಡಿ ನಕ್ಷೆ ಕೊಡುವ ಯಂತ್ರಗಳು ಈಗ ಬಂದಿವೆ. ಆದರೂ ವಜ್ರಕ್ಕೆ ಒಂದು ಎಳೆ ಇರುತ್ತದೆ, ಎಳೆಗೆ ಎದುರಾಗಿ ಹಿಡಿದರೆ ಅದು ಸವೆಯುವುದಿಲ್ಲ, ಚಕ್ರದ ಸದ್ದು ಬದಲಾಗುತ್ತದೆ. ಆ ಸದ್ದಿನ ವ್ಯತ್ಯಾಸವನ್ನು ಅವನು ನಿಮಗೆ ಬಾಯಲ್ಲಿ ಹೇಳಲಾರ, ಪಕ್ಕದಲ್ಲಿ ವರ್ಷಗಟ್ಟಲೆ ಕೂತವನಿಗೆ ಮಾತ್ರ ದಾಟಿಸಬಲ್ಲ. ಅವನು ಹೇಳಲಾರ ಎಂಬ ಕಾರಣಕ್ಕೆ ಅವನ ಐಕ್ಯೂವನ್ನು ನಾವು 95 ಎಂದು ಬರೆದುಕೊಳ್ಳುತ್ತೇವೆ. ನೀವೂ ಸಮೀಕರಣವನ್ನು ಅಪ್ಪಯ್ಯನಿಗೆ ಹೇಳಲಾರಿರಿ, ಆದರೂ ನಿಮ್ಮದನ್ನು 138 ಎಂದು ಬರೆದುಕೊಳ್ಳುತ್ತೇವೆ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಕ್ಕನ ಹತ್ತಿರ ಅಪ್ಪಯ್ಯ ಗಂಟೆಗಟ್ಟಲೆ ಮಾತಾಡುತ್ತಾರೆ ಎಂದಿದ್ದೀರಿ. ಅಕ್ಕ ಏನು ಕೇಳುತ್ತಾಳೆ ಎಂದು ಬರೆದಿಲ್ಲ, ಬಹುಶಃ ನಿಮಗೆ ಗೊತ್ತಿಲ್ಲ. ಸಣ್ಣ ಮಕ್ಕಳ ಜೊತೆ ದಿನ ಕಳೆಯುವವರಿಗೆ ಎದುರಿನವರು ಎಲ್ಲಿದ್ದಾರೆ ಎಂದು ಹುಡುಕಿ ಅಲ್ಲಿಂದ ಶುರುಮಾಡುವ ಅಭ್ಯಾಸ ಬಂದಿರುತ್ತದೆ. ‘ನನ್ನ ಕೆಲಸ ಅವರಿಗೆ ಅರ್ಥವಾಗುವುದಿಲ್ಲ’ ಎಂದಿದ್ದೀರಿ. ಅವರ ಕೆಲಸ ನಿಮಗೆ ಅರ್ಥವಾಗುತ್ತದೆಯೇ ಎಂಬ ಪ್ರಶ್ನೆ ಪತ್ರದಲ್ಲಿ ಎಲ್ಲೂ ಇಲ್ಲ. ‘ಉಂಡ್ಯಾ ಮಾಣಿ?’ ಎಂಬುದು ಹೋಟೆಲಿನವರು ತಮ್ಮ ಕಸುಬಿನ ಬಾಗಿಲು ತೆರೆದು ಕೇಳುವ ಪ್ರಶ್ನೆ. ಅದಕ್ಕೆ ‘ಹ್ಞೂಂ’ ಎಂದರೆ ಬಾಗಿಲು ಮುಚ್ಚುತ್ತದೆ. ‘ಉಂಡೆ, ಇಲ್ಲಿನ ಇಡ್ಲಿ ಕಲ್ಲಿನ ಹಾಗಿತ್ತು, ಯಾಕೆ?’ ಎಂದು ನೋಡಿ.

ಆಮೇಲೆ ಆ ಮುಚ್ಚಳದ ವಿಷಯ. ಪತ್ರದಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನನಗೆ ಮಾತ್ರ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಉದ್ದು ಮತ್ತು ಅಕ್ಕಿಯ ಜೊತೆಗೇ ಬರುವ ಬ್ಯಾಕ್ಟೀರಿಯಾ ಹಿಟ್ಟಿನಲ್ಲಿ ಅನಿಲ ಬಿಡುತ್ತವೆ, ಅದರಿಂದ ಹಿಟ್ಟು ಉಬ್ಬುತ್ತದೆ. ಲ್ಯೂಕೊನೊಸ್ಟಾಕ್ ಎಂಬ ಜಾತಿ ಅದರಲ್ಲಿ ಮುಖ್ಯ ಎಂದು ಆಹಾರ ವಿಜ್ಞಾನಿಗಳು ಹೇಳುತ್ತಾರೆ. ಸೂರತ್ತಿನ ಮೇ ತಿಂಗಳ ಸೆಖೆಯಲ್ಲಿ ಅದು ಬೇಗ, ಜನವರಿಯಲ್ಲಿ ನಿಧಾನ. ಇದು ಪುಸ್ತಕದ್ದು. ಅಪ್ಪಯ್ಯ ಮುಚ್ಚಳ ತೆಗೆಯದೆ ಹೇಳುವುದು ಹೇಗೆ? ಪಾತ್ರೆಯ ಹೊರಮೈ ಮುಟ್ಟಿಯೇ? ಬಡಿದು ಸದ್ದು ಕೇಳಿಯೇ? ಗುಳ್ಳೆ ಒಡೆಯುವುದು ಅವರಿಗೆ ಕೇಳಿಸುತ್ತದೆಯೇ? ವಾಸನೆಯೇ? ನೀವು ಭೌತವಿಜ್ಞಾನ ಓದಿದವರು, ಮೊದಲು ನಿಮ್ಮದೊಂದು ಊಹೆ ಮಾಡಿ ಅವರಿಗೆ ಹೇಳಿ. ತಪ್ಪಿದ್ದರೆ ಅವರು ತಿದ್ದುತ್ತಾರೆ. ತಿದ್ದಿದ್ದನ್ನು ನನಗೆ ಬರೆದು ಕಳಿಸಿ.